ನಾಲ್ಕನೇ ಅಚ್ಚಿನ ಮೂಗು

“ಈ ಮೂಗನ್ನ ಎಲ್ಲೋ ನೋಡಿದೀನಲ್ಲಾ, ಯಾರದಪ್ಪಾ ಇದು?”

ಹೆಂಡತಿ ಕೇಳಿದ್ದು ಅವನನ್ನಲ್ಲ, ಯಾರನ್ನೂ ಅಲ್ಲ. ಹೊಲಿಗೆ ಯಂತ್ರದ ಮುಂದೆ ಕೂತು, ಗುಂಡಿ ತುಂಬಿದ ಟ್ರೇಯನ್ನು ಕಿಟಕಿಯ ಬೆಳಕಿಗೆ ವಾಲಿಸಿ, ಹಲ್ಲಿನಲ್ಲಿ ದಾರ ಕಚ್ಚಿಕೊಂಡೇ ಗೋಡೆಗೆ ಕೇಳಿದಂತೆ ಕೇಳಿದಳು. ಬಚ್ಚಲಿನ ಕನ್ನಡಿಯ ಮುಂದೆ ಅರ್ಧ ಮುಖಕ್ಕೆ ನೊರೆ ಬಳಿದುಕೊಂಡು ನಿಂತಿದ್ದ ಅವನ ಕೈಯ ಬ್ಲೇಡು ಗದ್ದದ ತಿರುವಿನಲ್ಲಿ ಹಾಗೇ ನಿಂತಿತು. ಮೂವತ್ತು ಗುಳಿಗಳ ಮೊಟ್ಟೆ ಟ್ರೇ. ಒಂದೊಂದು ಗುಳಿಯಲ್ಲಿ ಒಂದೊಂದು ಜಾತಿಯ ಗುಂಡಿ ಹಾಕಿಡುವುದು ಅವಳ ಅಚ್ಚುಕಟ್ಟು. ಹಳೆಯದು ಮೊನ್ನೆ ನೀರು ಕುಡಿದು ಮೆತ್ತಗಾಗಿತ್ತು, ಹೊಸದೊಂದು ತನ್ನಿ ಎಂದಿದ್ದಳು, ಹೂಂ ಎಂದಿದ್ದ, ನಿನ್ನೆ ಸಂಜೆ ಟ್ರೇ ಕಾರ್ಖಾನೆಯ ಕೆಟ್ಟ ಮಾಲಿನ ರಾಶಿಯಿಂದ ಕೈಗೆ ಸಿಕ್ಕಿದ್ದನ್ನು ಎಳೆದುಕೊಂಡು ಬಂದಿದ್ದ. ಹನ್ನೆರಡು ಅಚ್ಚುಗಳಲ್ಲಿ ಹನ್ನೊಂದು ಅಚ್ಚುಗಳು ನಿರಪರಾಧಿಗಳು. ಕೈ ಹೋಗಿ ಹೋಗಿ ನಾಲ್ಕನೆಯದಕ್ಕೇ ಹೋಗಬೇಕೆ. ಕನ್ನಡಿಯೊಳಗಿನ ಅರ್ಧ ಬಿಳಿ ಮುಖ ಅವನನ್ನು ನೋಡಿ, ಸಿಕ್ಕಿಹಾಕಿಕೊಂಡೆಯಲ್ಲ ಎಂದಿತು. ಅವನು ಅದಕ್ಕೂ ಒಳಗೊಳಗೇ ಹೂಂ ಎಂದ.

“ರೀ, ಇಲ್ಲಿ ಬನ್ನಿ ಒಂದ್ ನಿಮಿಷ.”

“ಹೂಂ.”

“ಇದ್ನ ನೋಡಿ. ಬೆನ್ನು ಉಬ್ಬಿರೋ ಮೂಗು. ಕಣ್ಣು. ಈ ಗೆರೆಯಂಥ ಮೀಸೆ. ಯಾರು ಹೇಳಿ?”

ಅವನು ಬ್ಲೇಡು ಹಿಡಿದೇ ಬಂದು ಬಾಗಿದ. ಹೇಳಿಬಿಡಲೇ? ಇದು ನಿನ್ನ ತಮ್ಮ, ನಿನ್ನ ಒಬ್ಬನೇ ತಮ್ಮ, ನನ್ನ ಸೂಪರ್‌ವೈಸರ್, ಈ ಶನಿವಾರ ನನ್ನ ಅನ್ನಕ್ಕೆ ಕಲ್ಲು ಹಾಕುವುದೋ ಬೇಡವೋ ಎಂದು ಯಜಮಾನರಿಗೆ ಚೀಟಿ ಬರೆಯಬೇಕಾದವನು; ಅವನನ್ನು ನಾನು ಮೂರು ವಾರದಿಂದ ದಿನಕ್ಕೆ ಸಾವಿರದ ಲೆಕ್ಕದಲ್ಲಿ ಅಚ್ಚು ಹೊಡೆದು ಊರೂರಿಗೆ ಕಳಿಸುತ್ತಿದ್ದೇನೆ. ಅವಳ ಮುಖ ನೋಡಿದ. ಅದೇ ಮೂಗು ಅವಳಲ್ಲೂ ಇತ್ತು, ಸ್ವಲ್ಪ ತಿದ್ದಿ ತೀಡಿದ್ದು ಅಷ್ಟೆ. ಅವಳ ಕಣ್ಣು ಹೊಳೆಯುತ್ತಿತ್ತು.

“ಅಪ್ಪ!” ಎಂದಳು. “ಅಪ್ಪನೇ ಕಣ್ರೀ. ನೋಡಿ, ಕಿವಿ ಹತ್ರ ಗೆರೆ ಇದೆ. ಸೂಜಿ ಸಿಕ್ಕಿಸ್ಕೊಂಡಿದಾನೆ. ನೀವು ಅಪ್ಪನ್ನ ನೆನೆದು ಮಾಡಿದ್ದಾ?”

ಅದು ಸೂಜಿಯಲ್ಲ, ಪೆನ್ಸಿಲು. ಮಾವ ಸೂಜಿಯನ್ನು ಕಿವಿಗೆ ಸಿಕ್ಕಿಸಿಕೊಂಡವರಲ್ಲ, ಹಲ್ಲಿನಲ್ಲಿ ಕಚ್ಚಿಕೊಳ್ಳುತ್ತಿದ್ದವರು, ಈಗ ಮಗಳು ದಾರ ಕಚ್ಚಿಕೊಂಡಿದ್ದ ಹಾಗೆಯೇ. ಅದು ಅವಳಿಗೆ ಗೊತ್ತಿಲ್ಲದ್ದೇ? ಆದರೆ ಮೂವತ್ತೊಂದು ವರ್ಷದ ಸಂಸಾರದಲ್ಲಿ ಅವಳ ಯಾವ ಪ್ರಶ್ನೆಗೂ ಅವನ ಬಾಯಲ್ಲಿ ಎರಡನೆಯ ಉತ್ತರ ಹುಟ್ಟಿದ್ದಿಲ್ಲ.

“ಹೂಂ,” ಎಂದ. ಅರ್ಧ ಮುಖದ ನೊರೆ ಒಣಗಿ ಬಿಗಿಯುತ್ತಿತ್ತು.

ಕಾರ್ಖಾನೆಗೆ ಹೋಗುವ ದಾರಿಯುದ್ದಕ್ಕೂ ಆ ಒಂದು ಹೂಂ ಚಪ್ಪಲಿಯೊಳಗಿನ ಕಲ್ಲಿನಂತೆ ಚುಚ್ಚಿತು. ಉಳಿದ ಹೂಂಗಳೆಲ್ಲ ಹೀಗೆ ಚುಚ್ಚುತ್ತಿರಲಿಲ್ಲ. ಅವನ ಹೆಸರೇ ಹೂಂರಾಯ. ಹುಟ್ಟುವಾಗ ಇಟ್ಟ ಹೆಸರು ಪಡಿತರದ ಚೀಟಿಯಲ್ಲಿ ಮಾತ್ರ ಬದುಕಿಕೊಂಡಿತ್ತು. ಈ ಹೆಸರಿಟ್ಟವರು ಮಾವ, ಇನ್ನೂ ಮಾವನಾಗುವ ಮೊದಲೇ. ಅವರದು ಪುಸ್ತಕ ಹೊಲಿದು ರಟ್ಟು ಕಟ್ಟುವ ಅಂಗಡಿ. ಸಂಜೆ ದೀಪ ಹಚ್ಚುವ ಹೊತ್ತಿಗೆ ಸೂಜಿಯನ್ನು ಹಲ್ಲಿನಿಂದ ಬಿಡಿಸಿ, ಮಂಡಿಯ ಮೇಲೆ ಎಡಗೈ ತಾಳ ಹಾಕಿ, ಪುಸ್ತಕ ನೋಡದೆ ಪದ್ಯ ಹೇಳುತ್ತಿದ್ದರು. ಎಡಚರು, ತಾಳವೂ ಎಡಗೈಯದೇ. ಪದ್ಯ ಗಂಟಲಿನಿಂದ ಹೊರಟು ಆ ದೊಡ್ಡ ಮೂಗಿನೊಳಗೆ ಒಂದು ಸುತ್ತು ಹೊಡೆದು, ದುಂಬಿಯ ಹಾಗೆ ಗುಂಯ್‌ಗುಟ್ಟಿ ಹೊರಬರುತ್ತಿತ್ತು. ಕೇಳುವವರು ಏಳೆಂಟು ಮಂದಿ. ಎರಡನೆಯ ಪದ್ಯಕ್ಕೆ ಒಬ್ಬ ಆಕಳಿಸುವನು, ಐದನೆಯದಕ್ಕೆ ಇಬ್ಬರು ಗೋಡೆಗೊರಗುವರು, ಹತ್ತಕ್ಕೆ ಅವನೊಬ್ಬ. ಇಪ್ಪತ್ತರ ಪ್ರಾಯ. ಪದ್ಯದ ಕೊನೆಯಲ್ಲಿ ಮಾವ ಉಸಿರಿಗೆ ನಿಲ್ಲುವ ಆ ಒಂದು ಎಳೆಯಷ್ಟು ಸಂದಿಯಲ್ಲಿ ಅವನು ‘ಹೂಂ’ ಎಂದು ಇಡಬೇಕು. ಇಟ್ಟರೆ ಮುಂದಿನ ಪದ್ಯ. ಮುಂಚೆ ಇಟ್ಟರೆ ಕತ್ತರಿಸಿದಂತೆ, ತಡವಾಗಿ ಇಟ್ಟರೆ ನಿದ್ದೆಯಿಂದ ಎದ್ದಂತೆ. ಅವನದು ಒಂದು ದಿನವೂ ಹೆಚ್ಚುಕಮ್ಮಿ ಆದದ್ದಿಲ್ಲ. ಆ ಹೊತ್ತಿನಲ್ಲಿ ಅವನಿಗೆ ದೇವರು ಎಂದರೆ ಎಲ್ಲೋ ಮೇಲಿರುವವನಲ್ಲ, ಆ ಸಂದಿಯಲ್ಲಿ ತನ್ನ ಹೂಂಗಾಗಿ ಕಾಯುವವನು ಅನ್ನಿಸುತ್ತಿತ್ತು. ಹಾಗೆ ಹೂಂಗುಟ್ಟುತ್ತಲೇ ಅಂಗಡಿಯ ಕೆಲಸಕ್ಕೆ ಸೇರಿದ, ಹೂಂಗುಟ್ಟುತ್ತಲೇ ಹೊಲಿಗೆ ಕಲಿತ, ಮಗಳನ್ನು ಕೊಡುತ್ತೇನೆ ಮಾಡಿಕೊಳ್ಳುತ್ತೀಯಾ ಎಂದಾಗಲೂ ಸಂದಿ ನೋಡಿ ಹೂಂ ಎಂದ.

ಅವಳ ತಮ್ಮ ಆಗ ಏಳು ವರ್ಷದವನು. ಮನೆಯಲ್ಲಿ ಎಲ್ಲರಿಗೂ ಪುಟ್ಟ. ಈಗಲೂ ಮನೆಯಲ್ಲಿ ಪುಟ್ಟನೇ, ಮೂವತ್ತೆಂಟಾಗಿ ತಲೆ ನಡುವೆ ಬಯಲು ಬಿದ್ದಿದ್ದರೂ. ಮದುವೆಯ ದಿನ ಅಳುತ್ತ ಬಂದ ಅವನ ಮೂಗನ್ನು ಹೂಂರಾಯ ತನ್ನ ಹೊಸ ಕರವಸ್ತ್ರದಲ್ಲಿ ಒರೆಸಿದ್ದ. ಏಳು ವರ್ಷದ ಮುಖಕ್ಕೆ ಆಗಲೇ ಮೂವತ್ತರ ಮೂಗು. ಒರೆಸಿದಷ್ಟೂ ಮುಗಿಯಲಿಲ್ಲ. ಮಾವ ತೀರಿಕೊಂಡು ಅಂಗಡಿ ಮುಚ್ಚಿದ ಮೇಲೆ ಅದೇ ಪುಟ್ಟ ಅವನನ್ನು ಕಾರ್ಖಾನೆಗೆ ಸೇರಿಸಿದ್ದು, ಒಂಬತ್ತು ವರ್ಷದ ಹಿಂದೆ. ಮೊದಲ ದಿನ ಗೇಟಿನ ಹೊರಗೆ ನಿಲ್ಲಿಸಿಕೊಂಡು, ನೆಲ ನೋಡುತ್ತ, “ಭಾವ, ಒಳಗಡೆ ಸಂಬಂಧ ಬೇಡ. ಜನ ಆಡ್ಕೋತಾರೆ. ನೀವು ಸಾರ್ ಅಂದ್ಬಿಡಿ. ನಾನೂ ಬೇರೆ ಥರ ಕರೀತೀನಿ, ಬೇಜಾರು ಮಾಡ್ಕೋಬೇಡಿ” ಎಂದಿದ್ದ. ಹೂಂ ಎಂದದ್ದಾಯಿತು. ಗೇಟು ದಾಟಿದ ಮೂರನೆಯ ಹೆಜ್ಜೆಗೇ ಆ ಬೇರೆ ಥರ ಬಂತು: “ಏನ್ರೀ ಜಾಲರಿ, ಈ ಕಡೆ!” ಒಂಬತ್ತು ವರ್ಷದಲ್ಲಿ ಗೇಟಿನ ಒಳಗೆ ಭಾವ ಎಂಬ ಎರಡಕ್ಷರ ಒಂದು ಸಲವೂ ತಪ್ಪಿ ಬಿದ್ದಿರಲಿಲ್ಲ. ಹಬ್ಬದಂತೆ ಗೇಟಿನ ಹೊರಗೆ ಮಾತ್ರ.

ಜಾಲರಿ ಎಂಬುದು ಅವನ ಕೆಲಸ. ಹರಿದ ಪುಸ್ತಕ, ಹಳೆಯ ಪತ್ರಿಕೆ, ಪೆಟ್ಟಿಗೆಗಳ ರಟ್ಟು ಎಲ್ಲ ದೊಡ್ಡ ತೊಟ್ಟಿಗೆ ಬಿದ್ದು ನೀರಿನಲ್ಲಿ ಕಡೆದು ಕಡೆದು ಬೂದು ಬಣ್ಣದ ತಿರುಳಾಗುತ್ತದೆ. ಅಚ್ಚು ಅದರೊಳಗೆ ಮುಳುಗುತ್ತದೆ. ಅಚ್ಚಿನ ಮೈತುಂಬ ಸಣ್ಣ ತೂತು, ತೂತಿನ ಮೇಲೆ ಸೊಳ್ಳೆ ಪರದೆಗಿಂತ ನಯವಾದ ಉಕ್ಕಿನ ಜಾಲರಿ. ಹಿಂದಿನಿಂದ ಪಂಪು ನೀರನ್ನು ಹೀರಿದರೆ ತಿರುಳು ಜಾಲರಿಯ ಮೇಲೆ ಪದರವಾಗಿ ಕೂರುತ್ತದೆ; ಎದ್ದು ಬಂದು, ಒಲೆಯೊಳಗೆ ಹಾದು, ಆ ಕಡೆ ಒಣಗಿದ ಟ್ರೇಯಾಗಿ ಬೀಳುತ್ತದೆ. ಜಾಲರಿ ಹರಿದರೆ ಟ್ರೇ ಹಾಳು. ಹರಿದ ಕಡೆ ತೇಪೆಯಿಟ್ಟು ಕೂದಲೆಳೆಯ ತಂತಿಯಲ್ಲಿ ಹೊಲಿಯುವುದು ಅವನೊಬ್ಬನೇ. ಮಾವ ಹೇಳಿಕೊಟ್ಟ ಪುಸ್ತಕದ ಹೊಲಿಗೆ, ದಾರದ ಬದಲು ತಂತಿ. ತೊಟ್ಟಿಗೆ ಬೀಳುವ ಪುಸ್ತಕಗಳಲ್ಲಿ ಆಗೀಗ ತನ್ನದೇ ಹೊಲಿಗೆಯೊಂದು ಬೆನ್ನು ತಿರುಗಿಸಿ ಕಾಣುವುದುಂಟು. ಇಷ್ಟು ವರ್ಷ ಬಿಡದ ಗಂಟು ನೀರಿನಲ್ಲಿ ಕೊನೆಯವರೆಗೂ ಹಟ ಮಾಡುತ್ತದೆ. ಅದನ್ನು ನೋಡುವಾಗ ಹೆಮ್ಮೆ ಪಡಬೇಕೋ ಪಾಪ ಎನ್ನಬೇಕೋ ಅವನಿಗೆ ತಿಳಿಯುತ್ತಿರಲಿಲ್ಲ.

ಈಗ ಹೊಲಿಗೆಯೇ ಬೇಡವಂತೆ. ಹರಿದರೆ ಬಿಸಾಡಿ ಹೊಸದು ಹಾಕುವ ಸಿದ್ಧ ಜಾಲರಿ ಬರುತ್ತದಂತೆ. ಜಾಲರಿ ಕೋಣೆಯನ್ನು ಉಗ್ರಾಣ ಮಾಡಿದರೆ ಹೇಗೆ, ಆ ಮನುಷ್ಯ ಬೇಕೋ ಬೇಡವೋ ಬರೆದುಕೊಡು ಎಂದು ಯಜಮಾನರು ಪುಟ್ಟನಿಗೆ ಹೇಳಿ ತಿಂಗಳಾಗಿತ್ತು. ಶನಿವಾರ ಗಡುವು. ಇವತ್ತು ಗುರುವಾರ. ಭಾನುವಾರಗಳಲ್ಲಿ ಅಕ್ಕನ ಮನೆಗೆ ಬಂದು ಎರಡು ಸಲ ಬಡಿಸಿಕೊಂಡು ಉಂಡು, “ನೋಡೋಣ ಭಾವ” ಎನ್ನುತ್ತಿದ್ದ. ‘ನೋಡೋಣ’ ಎನ್ನುವಾಗ ಅವನ ಮೂಗು ಕೊಂಚ ಮೇಲೇಳುತ್ತಿತ್ತು.

ಹೀಗಿರುವಾಗ ಆ ಮೂಗು ಅಚ್ಚಿಗೆ ಇಳಿದದ್ದು ಅವನ ತಪ್ಪಲ್ಲ. ಶುರುವಿನಲ್ಲಂತೂ ಅಲ್ಲ. ನಾಲ್ಕನೇ ಅಚ್ಚಿನ ಮೂಲೆಯ ಗುಳಿಯಲ್ಲಿ ಜಾಲರಿ ಹರಿದಿತ್ತು, ತೇಪೆ ಹಾಕಿದ. ತೇಪೆ ಒಂದಿಷ್ಟು ಒಳಗೆ ಜಗ್ಗಿತು. ಅಚ್ಚಿನ ತಗ್ಗು ಟ್ರೇಯ ಉಬ್ಬು. ಮಾರನೆಯ ದಿನ ಟ್ರೇಗಳನ್ನು ಒಂದರ ಮೇಲೊಂದು ಅಡುಕುವ ಜಾಗದಲ್ಲಿ ರೇಡಿಯೋ ಅಕ್ಕ ಒಂದನ್ನು ಮೂಲೆಯ ಕಡೆಯಿಂದ ಎತ್ತಿ ಹಿಡಿದು, “ಅಯ್ಯೋ, ಇದು ನಮ್ ಸಾರ್ ಮೂಗಲ್ವಾ!” ಎಂದು ಕೂಗಿದಳು. ಅವಳಿಗೆ ಹೆಸರು ಬಂದದ್ದೇ ಹಾಗೆ, ಅವಳು ಕಂಡದ್ದು ಕಾರ್ಖಾನೆಗೆಲ್ಲ ಕೇಳಿಸುತ್ತದೆ. ಅವನು ನೋಡಿದ. ನಿಜವೇ. ‘ನೋಡೋಣ’ ಎನ್ನುವಾಗಿನ ಮೂಗು. ಅವತ್ತೇ ಬಿಚ್ಚಿ ಸರಿಮಾಡಬಹುದಿತ್ತು. ರೇಡಿಯೋ ಅಕ್ಕ ಬಿಡಲಿಲ್ಲ. “ಬರೀ ಮೂಗಿಟ್ಟು ಬಿಟ್ರೆ ಹೇಗಣ್ಣ? ಕಣ್ಣಿಲ್ದೆ ನಮ್ಮನ್ನ ಹೇಗೆ ಕಾಯ್ತಾರೆ? ಎರಡು ಕಣ್ಣು ಹಾಕ್ಬಿಡಿ.” ಹೂಂ. ಎರಡು ಗಂಟು. ಮೂರು ದಿನ ಬಿಟ್ಟು, “ಮೀಸೆ ಇಲ್ದೆ ವಿಧಿಯಿಲ್ಲ ಅಣ್ಣ, ಯಾರೋ ಹೆಂಗಸು ಅಂದ್ಕೋತಾರೆ.” ಹೂಂ. ಒಂದು ಓಟದ ಹೊಲಿಗೆ. ಮತ್ತೊಂದು ವಾರಕ್ಕೆ, “ಪೆನ್ಸಿಲ್ಲು!” ಪುಟ್ಟ ಮಲಗುವಾಗಲೂ ಕಿವಿಗೆ ಪೆನ್ಸಿಲು ಸಿಕ್ಕಿಸಿಕೊಂಡೇ ಮಲಗುತ್ತಾನೆಂದು ಕಾರ್ಖಾನೆಯ ನಂಬಿಕೆ. ಹೂಂ ಎಂದು ಅದನ್ನೂ ಹಾಕಿದ. ಅಲ್ಲಿ ಮಾತ್ರ ಎಡವಿದ. ಎದುರಿಗೆ ನಿಂತ ಮನುಷ್ಯನನ್ನು ನೋಡಿದ ಹಾಗೆಯೇ ಹೊಲಿದುಬಿಟ್ಟ. ಅಚ್ಚಿನ ಎಡ ಟ್ರೇಯ ಬಲ ಎಂಬುದನ್ನು ಒಂಬತ್ತು ವರ್ಷ ಅಚ್ಚು ಹೊಲಿದವನು ಮರೆತ. ಪುಟ್ಟನ ಪೆನ್ಸಿಲು ಬಲಗಿವಿಗೆ, ಟ್ರೇಯ ಮೇಲೆ ಅದು ಎಡಗಿವಿಗೆ ಬಿತ್ತು. ಬಾಕಿ ಯಾರೂ ಗಮನಿಸಲಿಲ್ಲ. ಅವನಿಗೆ ಮಾತ್ರ ಅದು, ಪದ್ಯದಲ್ಲಿ ಒಂದು ಮಾತ್ರೆ ಜಾರಿದಂತೆ, ದಿನವಿಡೀ ತಲೆಯೊಳಗೆ ಕುಂಟುತ್ತಿತ್ತು.

ನಿಜ ಹೇಳಬೇಕೆಂದರೆ ಸಂತೋಷವೂ ಇತ್ತು. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ, ದೇವರೆದುರು ಕೈಮುಗಿದಾಗಲೂ ಅದೊಂದನ್ನು ಹಿಂದೆ ಬಚ್ಚಿಟ್ಟುಕೊಂಡೇ ಮುಗಿಯುತ್ತಿದ್ದ. ಜಾಲರಿ ಎಂದು ಕರೆಸಿಕೊಂಡು ತಲೆ ತಗ್ಗಿಸಿ ನಡೆಯುವಾಗ ಒಳಗಿನಿಂದ ಒಂದು ಸಣ್ಣ ನಗೆ ಎದ್ದು ಕಚಗುಳಿಯಿಡುವುದು. ಕರೆಯಪ್ಪ, ಕರೆ, ನಿನ್ನ ಮೂಗಿನ ಮೇಲೆ ಯಾವುದೋ ಅಡುಗೆಮನೆಯಲ್ಲಿ ಯಾವುದೋ ಕೋಳಿಯ ಮೊಟ್ಟೆ ಕೂತಿದೆ. ಹೀಗೆಂದುಕೊಂಡ ಮರುಗಳಿಗೆ ನಾಚಿಕೆ. ಆ ಮೂಗನ್ನು ಒರೆಸಿದ ಕೈಯಲ್ಲವೆ ಇದು? ನಾಚಿಕೆಯ ಮರುಗಳಿಗೆ ಮತ್ತೆ ನಗು. ಈಗ ಮಾವನ ಮುಖ ನಡುವೆ ಬಂದು ನಿಂತಿತ್ತು. ಪುಟ್ಟನನ್ನು ಅಣಕಿಸಿ ಹೊಲಿದದ್ದರಲ್ಲಿ ಮಾವ ಹೇಗೆ ಬಂದರು? ಮೂಗು ಅವರದೇ, ನಿಜ, ಮಗನಿಗೆ ಕೊಟ್ಟುಹೋದದ್ದು. ಹೊಲಿಗೆಯೂ ಅವರದೇ. ಹಾಗಾದರೆ ಕೈ ಯಾರನ್ನು ಹೊಲಿಯಿತು? ಗೇಟಿನ ಹತ್ತಿರ ಬರುವ ಹೊತ್ತಿಗೆ ಒಂದೇ ತೀರ್ಮಾನ ಉಳಿದಿತ್ತು. ಬಿಚ್ಚಿಬಿಡಬೇಕು. ಪುಟ್ಟ ನೋಡುವ ಮುಂಚೆ, ಹೆಂಡತಿ ಅವನಿಗೆ ಹೇಳುವ ಮುಂಚೆ, ಇವತ್ತೇ, ಹತ್ತು ನಿಮಿಷದ ಕೆಲಸ.

ಹತ್ತು ನಿಮಿಷಕ್ಕೆ ಅಚ್ಚು ನಿಲ್ಲಬೇಕು. ಕಣ್ಣು ಮೀಸೆಗಳೆಲ್ಲ ಅಚ್ಚು ತೊಳೆಯಲು ನಿಂತಾಗ ಆದವು, ಇವತ್ತು ಆ ಸರದಿಯಲ್ಲ. ಅಚ್ಚು ನಿಲ್ಲಬೇಕಾದರೆ ಸೂಪರ್‌ವೈಸರ್ ಹೂಂ ಅನ್ನಬೇಕು.

“ಸಾರ್, ನಾಲ್ಕನೇ ಅಚ್ಚು ಒಂದ್ ಹತ್ತು ನಿಮಿಷ ನಿಲ್ಲಿಸ್ಬೇಕಿತ್ತು.”

ಪುಟ್ಟ ಒಲೆಯ ಬಾಯಿಂದ ಹೊರಬರುತ್ತಿದ್ದ ಟ್ರೇಗಳ ಪಕ್ಕ, ಕೈ ಹಿಂದೆ ಕಟ್ಟಿ, ಕಿವಿಯಲ್ಲಿ ಪೆನ್ಸಿಲು ಸಮೇತ ನಿಂತಿದ್ದ. “ಯಾಕ್ರೀ? ಏನಾಗಿದೆ ಅದಕ್ಕೆ?”

“ತೇಪೆ ಸ್ವಲ್ಪ ಜಗ್ಗಿದೆ ಸಾರ್.”

ಪುಟ್ಟ ಕೈಚಾಚಿ ಬಿಸಿ ಬಿಸಿ ಟ್ರೇಯೊಂದನ್ನು ಎತ್ತಿಕೊಂಡ. ನಾಲ್ಕನೆಯದು. ಆ ಕಡೆ ಅಡುಕುತ್ತಿದ್ದ ಹೆಂಗಸರ ಕೈಗಳೆಲ್ಲ ನಿಂತವು. ಅವನು ಟ್ರೇಯನ್ನು ಬಡಿದು ನೋಡಿದ, ಬಗ್ಗಿಸಿ ನೋಡಿದ, ತೋಳಿನಷ್ಟು ದೂರ ಹಿಡಿದು ತನ್ನ ಮುಖವನ್ನು ತಾನೇ ನೋಡಿದ. ಹೊಸ ಕನ್ನಡಕ ಅವನ ಜೇಬಿನಲ್ಲಿತ್ತು; ಹಾಕಿಕೊಂಡರೆ ವಯಸ್ಸಾದವನಂತೆ ಕಾಣುತ್ತೇನೆಂದು ಜೇಬಿನಲ್ಲೇ ಇರುತ್ತಿತ್ತು. ಆ ಒಂದು ಕ್ಷಣ ಅವನ ಮೂಗೂ ಟ್ರೇಯ ಮೂಗೂ ಎದುರುಬದುರಾಗಿ, ಪರಸ್ಪರ ಪರಿಚಯವಿಲ್ಲದ ನೆಂಟರಂತೆ ಸುಮ್ಮನೆ ನಿಂತಿದ್ದವು.

“ಚೆನ್ನಾಗೇ ಬಂದಿದೆಯಲ್ರೀ. ಸುಮ್ಸುಮ್ನೆ ಕೆಲ್ಸ ಹುಟ್ಟಿಸ್ಕೋಬೇಡಿ. ಸಂಜೆ ನಾಲ್ಕಕ್ಕೆ ಯಜಮಾನ್ರು ಬರ್ತಿದಾರೆ, ಅಲ್ಲೀ ತನಕ ಒಂದಚ್ಚೂ ನಿಲ್ಲಲ್ಲ.”

“ಹೂಂ ಸಾರ್.”

ಪುಟ್ಟ ಆ ಕಡೆ ಹೋದದ್ದೇ ತಡ, ಹೆಂಗಸರ ಸಾಲಿನಲ್ಲಿ ಕಟ್ಟೆಯೊಡೆದಂತೆ ನಗು. ಒಬ್ಬಳು ಟ್ರೇ ರಾಶಿಯ ಹಿಂದೆ ಕೂತೇಬಿಟ್ಟಳು. ರೇಡಿಯೋ ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಬಂದಳು. “ಅಣ್ಣ, ಪಾಪ, ಅವ್ರಿಗೆ ಅವ್ರೇ ಕಾಣ್ಸಲ್ವಲ್ಲ. ಒಂದು ಕನ್ನಡಕ ಹಾಕ್ಬಿಡಿ, ಪುಣ್ಯ ಬರತ್ತೆ.”

“ಹೂಂ,” ಅಂದುಬಿಟ್ಟ. ಅಂದ ಮೇಲೆ ತನ್ನ ಬಾಯಿಯನ್ನು ತಾನೇ ಮುಚ್ಚಿಕೊಳ್ಳುವಂತೆ ಕೈ ಅಡ್ಡ ಹಿಡಿದು ಜಾಲರಿ ಕೋಣೆಗೆ ಓಡಿದ.

ಆ ಕೋಣೆಗೆ ಒಂದು ಕಿಟಕಿ, ಒಂದು ಮೇಜು, ಒಂದು ಕುರ್ಚಿ. ಗೋಡೆಯಲ್ಲಿ ಮೊಳೆಗೆ ನೇತುಹಾಕಿದ ಜಾಲರಿಯ ಸುರುಳಿಗಳು. ಪಂಪು ಹೀರಿದಾಗಲೆಲ್ಲ ನೆಲ ಒಮ್ಮೆ ಉಸಿರೆಳೆದುಕೊಳ್ಳುತ್ತದೆ, ಬಿಟ್ಟಾಗ ಬಿಡುತ್ತದೆ. ಎಳೆತ, ನಿಲುಗಡೆ, ಬಿಡುಗಡೆ. ಆ ನಿಲುಗಡೆಯಲ್ಲಿ ಅವನ ಗಂಟಲು ಅಭ್ಯಾಸಬಲದಿಂದ ಹೂಂ ಎಂದು ಮಿಡಿಯುವುದುಂಟು. ಯಾಕೆ ತಾನು ಹೀಗೆ? ಕೇಳಿದವರಿಗೆಲ್ಲ ಹೂಂ. ಮಾವ ಇದ್ದಿದ್ದರೆ ಏನನ್ನುತ್ತಿದ್ದರು? ಅನ್ನುವುದೇನು, ಒಮ್ಮೆ ಅಂದೂ ಆಗಿತ್ತು. ಆ ಸಂಜೆಯನ್ನು ಅವನು ನೆನೆಯಲು ಹೋಗುತ್ತಿರಲಿಲ್ಲ, ಅದೇ ಬರುತ್ತಿತ್ತು. ಯುದ್ಧದ ಭಾಗ, ಪದ್ಯದ ಮೇಲೆ ಪದ್ಯ, ಅವನ ಕಣ್ಣು ತೆರೆದೇ ಇತ್ತು, ಮನಸ್ಸು ಮಾತ್ರ ಒಳಬಾಗಿಲಲ್ಲಿ ದೀಪ ಹಿಡಿದು ನಿಂತ ಹುಡುಗಿಯ ಕಡೆ ಹೋಗಿತ್ತು. ಮಾವ ರಾಗ ಒಂದಿಷ್ಟೂ ಕೆಡಿಸದೆ, ತಾಳ ತಪ್ಪಿಸದೆ, ಅದೇ ಗುಂಯ್‌ಗಾನದಲ್ಲಿ, “ಮದಗಜವು ಮೂಡಣದ ಬಯಲಲಿ ಮೆಲ್ಲನೊಂದು ಮೊಟ್ಟೆಯಿಟ್ಟಿತು” ಎಂದು ಹಾಡಿ ಸಂದಿಯಲ್ಲಿ ನಿಂತರು. ಅವನು ಸರಿಯಾಗಿ, ಕೂದಲೆಳೆಯೂ ಹೆಚ್ಚುಕಮ್ಮಿಯಾಗದೆ, “ಹೂಂ” ಎಂದ. ಆಮೇಲೆ ಗೋಡೆಗೊರಗಿ ಗೊರಕೆ ಹೊಡೆಯುತ್ತಿದ್ದವರೂ ಎದ್ದು ನಕ್ಕರು. ಬಾಗಿಲಲ್ಲಿ ದೀಪ ಕುಲುಕಾಡಿತು. ಮಾವ ಮಾತ್ರ ನಗಲಿಲ್ಲ. “ಆನೆ ಮೊಟ್ಟೆ ಇಟ್ರೂ ಹೂಂ ಅಂತೀಯಲ್ಲೋ,” ಎಂದರು. “ಇರ್ಲಿ. ಇನ್ನೊಂದ್ ದಿನ ಮತ್ತೆ ಕೇಳ್ತೀನಿ.” ಅವತ್ತಿನಿಂದ ಅವನು ಕಾದ. ಪ್ರತಿ ಪದ್ಯದಲ್ಲೂ ಆನೆಗಾಗಿ ಕಿವಿ ನಿಮಿರಿಸಿ ಕೂತ. ಊಹೂಂ ಎನ್ನಬೇಕಾದ ಜಾಗ ಇನ್ನೇನು ಬಂತು ಎಂದು ನಾಲಿಗೆಯ ತುದಿಯಲ್ಲಿ ಅದನ್ನು ಸಿದ್ಧ ಇಟ್ಟುಕೊಂಡ. ಇಪ್ಪತ್ತಕ್ಕೂ ಹೆಚ್ಚು ವರ್ಷ. ಮಾವ ಮತ್ತೆ ಕೇಳಲೇ ಇಲ್ಲ. ಮರೆತರೋ, ಕಾಯಿಸುವುದೇ ಪರೀಕ್ಷೆಯೋ. ಆಸ್ಪತ್ರೆಯ ಹಾಸಿಗೆಯಲ್ಲಿ ಎಡಗೈ ಹೊದಿಕೆಯ ಮೇಲೆ ಸುಮ್ಮನೆ ತಾಳ ಹಾಕುತ್ತಿದ್ದಾಗಲೂ ಅವನು ಬಾಗಿ ಕಿವಿಗೊಟ್ಟಿದ್ದ, ಈಗಲಾದರೂ ಆ ಆನೆ ಬಂದೀತು ಎಂದು. ಬರಲಿಲ್ಲ. ನಾಲಿಗೆಯ ತುದಿಯ ಊಹೂಂ ಅಲ್ಲೇ ಉಳಿಯಿತು, ಕರಗಲಾರದ ಗುಳಿಗೆಯ ಹಾಗೆ.

ಊಟದ ಹೊತ್ತು ಮುಗಿದು ಸ್ವಲ್ಪಕ್ಕೆ ಬಾಗಿಲು ತೆರೆಯಿತು. ಪುಟ್ಟ. ಕೈಯಲ್ಲಿ ನಾಲ್ಕನೇ ಅಚ್ಚಿನ ಟ್ರೇ. ಮೂಗಿನ ಮೇಲೆ ಕನ್ನಡಕ. ಒಳಗೆ ಬಂದು ಬಾಗಿಲು ಹಾಕಿದ. ಹೂಂರಾಯ ಎದ್ದು ನಿಂತ. ಇವತ್ತೇ ಶನಿವಾರ ಅಂದುಕೊಂಡ.

“ಭಾವ,” ಎಂದ ಪುಟ್ಟ.

ಗೇಟಿನ ಒಳಗೆ. ಹೂಂರಾಯ ಹಿಂದೆ ಇನ್ಯಾರಾದರೂ ಇದ್ದಾರೆಯೇ ಎಂದು ತಿರುಗಿ ನೋಡಿದ. ಜಾಲರಿಯ ಸುರುಳಿಗಳು ಮಾತ್ರ ಇದ್ದವು.

“ಅಕ್ಕ ಫೋನ್ ಮಾಡಿದ್ಲು. ನಿಮ್ಮ ಟ್ರೇಲಿ ಅಪ್ಪ ಬಂದಿದಾನೆ, ಮೂಲೆ ಗುಳಿ ನೋಡೋ ಅಂದ್ಲು. ಅಷ್ಟು ಹೇಳಿ ಮುಂದೆ ಮಾತೇ ಆಡೋಕಾಗ್ಲಿಲ್ಲ ಅವಳಿಗೆ. ಬರೀ ಬಿಕ್ಕೋದೇ ಕೇಳಿಸ್ತಿತ್ತು.”

ಹೂಂರಾಯನಿಗೆ ಗೊತ್ತಿತ್ತು, ಅವಳು ಅತ್ತರೆ ಮಾತು ನಿಲ್ಲುವುದಿಲ್ಲ, ಇನ್ನೂ ಜಾಸ್ತಿಯಾಗುತ್ತದೆ. ಮಾತು ಕಟ್ಟಿ ಬಿಕ್ಕುವುದು ನಗು ತಡೆಯಲಾಗದಾಗ ಮಾತ್ರ. ಬೆಳಗ್ಗೆ ಹೊಳೆದ ಕಣ್ಣು ನೆನಪಾಯಿತು. ಸೂಜಿಯಂತೆ ಸೂಜಿ! ಎಲ್ಲ ತಿಳಿದೇ ಕೇಳಿದ್ದಳು. ಹೆದರಿಕೆಯ ಹಿಂದೆಯೇ ಅವಳ ಮೇಲೆ ವಿಪರೀತ ಪ್ರೀತಿಯೂ ಬಂತು.

ಪುಟ್ಟ ಮೂಲೆಯ ಗುಳಿಯನ್ನು ಹೆಬ್ಬೆರಳಿನಿಂದ ಸವರುತ್ತಿದ್ದ. “ನನ್ಗೆ ಹೇಳ್ಬೇಡ್ವಾ ಭಾವ? ಬೆಳಗ್ಗೆ ಕೈಯಲ್ಲೇ ಹಿಡಿದಿದ್ದೆ, ಕುರುಡನ ಥರ. ಆ ಅಂಗಡಿ, ಆ ಅಂಟಿನ ವಾಸ್ನೆ... ನಾನು ಒಂದು ದಿನಾನೂ ಅಪ್ಪನ ಪದ್ಯ ಪೂರ್ತಿ ಕೇಳಲಿಲ್ಲ. ನೀವು ಕೇಳಿದ್ರಿ.” ಕನ್ನಡಕ ಮೇಲೆತ್ತಿ ಕಣ್ಣೊತ್ತಿಕೊಂಡ. ಮೂಗಿನ ತುದಿ ಕೆಂಪಾಯಿತು, ಏಳು ವರ್ಷದವನದೇ ಮೂಗು. ಹೂಂರಾಯನ ಕೈ ತಾನಾಗಿ ಜೇಬಿನ ಕರವಸ್ತ್ರಕ್ಕೆ ಹೋಗಿ, ಅಲ್ಲೇ ತಡೆಯಿತು. “ಈ ಕೋಣೆ ಮುಚ್ಚೋದು ಬೇಡ. ಇವತ್ತೇ ಬರ್ದುಕೊಡ್ತೀನಿ. ಕಾಗದ ಇದೆಯಾ?”

ಮೇಜಿನ ಮೇಲಿನ ಹಾಳೆಯನ್ನು ಎಳೆದುಕೊಂಡ. ಬರೆಯಲು ಪೆನ್ಸಿಲಿಗೆಂದು ಬಲಗೈ ಬಲಗಿವಿಗೆ ಹೋಯಿತು.

ಕೈ ಅಲ್ಲೇ ನಿಂತಿತು.

ಪಂಪು ಒಂದು ಸಲ ಎಳೆದು ಬಿಟ್ಟಿತು. ಪುಟ್ಟ ಟ್ರೇ ನೋಡಿದ. ಗುಳಿಯ ಮುಖದ ಕಿವಿಯ ಹತ್ತಿರದ ಗೆರೆಯನ್ನು ನೋಡಿದ. ಪೆನ್ಸಿಲನ್ನು ಮೆಲ್ಲಗೆ ಕಿವಿಯಿಂದ ತೆಗೆದು, ಆ ಗೆರೆಯ ಪಕ್ಕ ಹಿಡಿದ. ಬಾಗಿಲಾಚೆ, ಒಲೆಯ ಸದ್ದಿನ ಮೇಲೆ, ರೇಡಿಯೋ ಅಕ್ಕನ ದನಿ ಚೆನ್ನಾಗಿ ಕೇಳಿಸಿತು: “ಒಳಗೆ ಹೋಗಿದಾರೆ ಕಣ್ರೇ, ಅಸಲೂ ನಕಲೂ ಒಟ್ಟಿಗೇ!” ನಗು ಅಲೆಯಾಗಿ ಬಂದು ಬಾಗಿಲಿಗೆ ಬಡಿಯಿತು.

ಪುಟ್ಟನ ಮುಖ ಬಿಳುಚಿ, ಆಮೇಲೆ ಕಿವಿಯ ತನಕ ಕೆಂಪಗಾಯಿತು. ಕೂಗುತ್ತಾನೆ ಎಂದುಕೊಂಡ ಹೂಂರಾಯ. ಕೂಗಲಿಲ್ಲ. ಇದ್ದ ಒಂದೇ ಕುರ್ಚಿಯಲ್ಲಿ ಕೂತ.

“ಎಷ್ಟು ದಿನದಿಂದ?”

“ಮೂರು ವಾರ.”

“ಎಲ್ಲರಿಗೂ ಗೊತ್ತಾ?”

“ಹೂಂ.”

“ಬಾಯ್ಲರಿನೋರಿಗೂ?”

“ಹೂಂ.”

ಪುಟ್ಟ ಪೆನ್ಸಿಲನ್ನು ಬೆರಳಿನಲ್ಲಿ ತಿರುಗಿಸಿದ. ಆಮೇಲೆ ಟ್ರೇಯನ್ನು ಮತ್ತೆ ಹತ್ತಿರ ತಂದ. ಮುಳುಗುವವನಿಗೆ ಏನೋ ಕೈಗೆ ತಗುಲಿದಂತೆ ಅವನ ಕಣ್ಣು ಅಗಲವಾಯಿತು. “ಎಡಗಿವಿ!” ಎಂದ. “ಇದು ಎಡಗಿವಿ ಭಾವ. ನಾನಿಡೋದು ಬಲಕ್ಕೆ. ಅಪ್ಪ ಎಡಚ. ಅಪ್ಪ ಆದ್ರೆ ಎಡಕ್ಕೇ ಇಡ್ತಿದ್ದ ಅಲ್ವಾ?”

“ಅವ್ರು ಪೆನ್ಸಿಲ್ ಇಡ್ತಿರ್ಲಿಲ್ಲ.”

“ಅದು ನಿಮ್ಗೂ ನನ್ಗೂ ಗೊತ್ತು. ಆಚೆ ಇರೋರಿಗೆ ಗೊತ್ತಾ?” ಪುಟ್ಟ ಎದ್ದು ಹತ್ತಿರ ಬಂದ, ದನಿ ಇಳಿಸಿದ. “ಭಾವ, ನಾಲ್ಕಕ್ಕೆ ಯಜಮಾನ್ರು ಬರ್ತಾರೆ. ಆ ಹೆಂಗಸು ಸುಮ್ನೆ ಇರಲ್ಲ. ಅವ್ರ ಮುಂದೆ ನನ್ನ ಮಾನ ಹೋದ್ರೆ ನಾಳೆಯಿಂದ ಇಲ್ಲಿ ಯಾರು ನನ್ನ ಮಾತು ಕೇಳ್ತಾರೆ? ನೀವು ಎಲ್ಲರ ಮುಂದೆ ಒಂದೇ ಮಾತು ಹೇಳಿ. ಇದು ನಮ್ಮ ಮಾವ, ಭಕ್ತಿಯಿಂದ ಹೊಲ್ದೆ ಅಂತ. ನಾನು ಬಯ್ಯಲ್ಲ, ಕೇಳಲ್ಲ, ಮರ್ತೇಬಿಡ್ತೀನಿ. ಚೀಟಿ ಈಗಲೇ ಬರೀತೀನಿ, ನೋಡಿ, ನಿಮ್ಮೆದುರಿಗೇ.” ಹಾಳೆಯ ಮೇಲೆ ಪೆನ್ಸಿಲು ಊರಿದ. ಜಾಲರಿ ಕೋಣೆ ಎಂದು ಎರಡು ಪದ ಬರೆದ. ಮುಂದಿನ ಪದಕ್ಕೆ ಮುಂಚೆ ತಲೆಯೆತ್ತಿದ. “ಹೇಳ್ತೀರಲ್ವಾ ಭಾವ?”

ಎಂದು ನಿಂತ.

ಪಂಪು ಎಳೆದುಕೊಂಡಿತು, ನೆಲ ಉಸಿರು ಹಿಡಿಯಿತು. ಹೂಂರಾಯನಿಗೆ ಆ ಸಂದಿಯ ಗುರುತು ಸಿಕ್ಕಿತು. ಮದುವೆಗೂ ಮುಂಚಿನಿಂದ ಬಲ್ಲ ಸಂದಿ. ಇಲ್ಲೇ ಇಡಬೇಕು, ಇಟ್ಟರೆ ಮುಂದಿನ ಪದ ತಾನಾಗಿ ಬರುತ್ತದೆ, ಕುರ್ಚಿ ಉಳಿಯುತ್ತದೆ, ಕಿಟಕಿ ಉಳಿಯುತ್ತದೆ. ಎದುರಿಗೆ ಆ ಮೂಗು, ಕೆಂಪು ತುದಿ, ಕೊಂಚ ಮೇಲೆದ್ದು, ಕಾಯುತ್ತ. ಅಪ್ಪನದೋ ಮಗನದೋ. ರಾಗ ಒಂದಿಷ್ಟೂ ಕೆಟ್ಟಿರಲಿಲ್ಲ, ತಾಳ ತಪ್ಪಿರಲಿಲ್ಲ. ಎಲ್ಲ ಸರಿಯಾಗಿಯೇ ಇತ್ತು. ಆದರೆ ಪದ್ಯದ ನಡುವೆ, ಯಾರಿಗೂ ಸುಳಿವು ಕೊಡದೆ, ಒಂದು ದೊಡ್ಡ ಆನೆ ನಿಧಾನವಾಗಿ ಬಂದು, ಮೂಡಣದ ಬಯಲಿನಲ್ಲಿ, ಬೂದು ಬಣ್ಣದ ಟ್ರೇಯ ಮೇಲೆ, ಕಾಲು ಮಡಿಸಿ ಕೂರುತ್ತಿತ್ತು. ಅವನಿಗೆ ನಗು ಬಂತು. ಬರಲಿ ಎಂದು ಬಿಟ್ಟ. ಆಗ ಕೈ ತಡೆದು ಬಿಟ್ಟಿದ್ದ ಕರವಸ್ತ್ರವನ್ನು ಜೇಬಿನಿಂದ ತೆಗೆದು, ಮಡಿಕೆ ಬಿಡಿಸಿ, ಸೂಪರ್‌ವೈಸರನ ಮುಂದೆ ಹಿಡಿದ.

“ಊಹೂಂ,” ಎಂದ. “ಹೇಳಲ್ಲ, ಪುಟ್ಟ.”